ಹಳೆಯ ದೂರದರ್ಶಕದ ಪರೀಕ್ಷೆ

ಮನುಷ್ಯನು ತನ್ನ ಕಾರ್ಯಸಾಧನೆಗಾಗಿ ನಿರ್ಮಿಸಿಕೊಂಡಿರುವ ಉಪಕರಣಗಳಲ್ಲಿ ಬಹುಪಾಲು ಉಪಯೋಗದಿಂದಲೇ ಸವೆಯತಕ್ಕವು. ಕುಡುಗೋಲಿನ ಅಲಗು ಮೊಂಡಾಗುತ್ತದೆ. ಗಡಿಯಾರದ ಚಕ್ರಗಳ ಹಲ್ಲು ತೇಯುತ್ತದೆ. ಬೀಸುವ ಕಲ್ಲನ್ನು ಆಗಾಗ್ಗೆ ಕುಟ್ಟಿಸಬೇಕಾಗುತ್ತದೆ. ಮಸೂರವು ಈ ನಿಯಮಕ್ಕೆ ಹೊರತಾದುದು. ಅದನ್ನು ಹಾದುಹೋಗುವ ಬೆಳಕು ಅದರ ಮೈಯನ್ನು ಎಳ್ಳಷ್ಟೂ ತೇಯಿಸದು. ಮೂರು ತಲೆಮಾರಿನವರು ಅದರ ಹಿಂದೆ ಕಣ್ಣಿಟ್ಟು ನೋಡಿದ ಮೇಲೂ ನಾಲ್ಕನೆಯ ತಲೆಮಾರಿನವನಿಗೆ ಅದು ಮೊದಲನೆಯವನಿಗೆ ತೋರಿಸಿದ ಚಂದ್ರನನ್ನು ಅಷ್ಟೇ ಸ್ಫುಟವಾಗಿ ತೋರಿಸಬಲ್ಲುದು. ಮಸೂರವನ್ನು ಕೆಡಿಸುವವು ತೇವ, ಬೂಷ್ಟು, ತಿಳಿಯದವರ ಉಜ್ಜಾಟ, ಇವೇ. ಗಾಜೆಂಬುದು ಅತಿ ಮಂದವಾದ ಒಂದು ದ್ರವವೆಂದೂ, ವರ್ಷಗಳು ಉರುಳಿದಂತೆ ಅದು ತನ್ನ ಭಾರಕ್ಕೆ ತಾನೇ ಕೆಳಕ್ಕೆ ಹರಿದು ಆಕಾರಗೆಡುವುದೆಂದೂ ಒಂದು ಮಾತು ವಿದ್ಯಾವಂತರಲ್ಲಿಯೂ ಬಳಕೆಯಲ್ಲಿದೆ, ಅದು ನಿಜವಲ್ಲ. ಅಮೆರಿಕದ ಯರ್ಕಿಸ್ ವೀಕ್ಷಣಾಲಯದಲ್ಲಿ 1897ರಲ್ಲಿ ಪ್ರತಿಷ್ಠಿತವಾದ 40 ಅಂಗುಲ ವ್ಯಾಸದ ಮಸೂರ, ಬೆಳಕಿನ ಕೆಲವೇ ಅಲೆಯುದ್ದಗಳಷ್ಟು ಹರಿದಿದ್ದರೂ ನಿರುಪಯುಕ್ತವಾಗಬೇಕಾಗಿದ್ದ ಆ ಭಾರಿ ಗಾಜು, ಶತಮಾನ ಕಳೆದರೂ ನಕ್ಷತ್ರಗಳನ್ನು ಬಿಂದುಗಳಾಗಿಯೇ ತೋರಿಸುತ್ತ ಬಂದಿರುವುದು ಇದಕ್ಕೆ ಸಾಕ್ಷಿ.

ಆದುದರಿಂದ ಖಗೋಳಶಾಸ್ತ್ರದ ಚರಿತ್ರೆಯಲ್ಲಿ ಕೈಬದಲಾದ ಉಪಕರಣಗಳಿಗೆ ಗೌರವದ ಸ್ಥಾನವೇ ಸಂದಿದೆ. ಲಂಡನ್ನಿನಲ್ಲಿ ರೇಷ್ಮೆ ಜವಳಿಯ ವ್ಯಾಪಾರ ಮಾಡಿಕೊಂಡಿದ್ದು, ಅದನ್ನು ಮಾರಿ ನಭೋವೀಕ್ಷಣೆಗೆ ತನ್ನನ್ನು ಒಪ್ಪಿಸಿಕೊಂಡ ವಿಲಿಯಂ ಹಗ್ಗಿನ್ಸ್, 1858ರಲ್ಲಿ, ಜೋಡಿ ನಕ್ಷತ್ರಗಳನ್ನು ಕಾಣುವುದರಲ್ಲಿ ಗರುಡದೃಷ್ಟಿಯವನೆಂದು ಹೆಸರಾಗಿದ್ದ ಪಾದ್ರಿ ವಿಲಿಯಂ ಡಾಸ್‌ನಿಂದ ಎಂಟು ಅಂಗುಲ ವ್ಯಾಸದ ವಸ್ತುಮಸೂರವೊಂದನ್ನು 200 ಪೌಂಡುಗಳಿಗೆ ಕೊಂಡುಕೊಂಡನು. ಅದು ಅಮೆರಿಕದ ಆಲ್ವನ್ ಕ್ಲಾರ್ಕ್ ಸಾಣೆ ಹಿಡಿದ ಗಾಜು. ಅದಕ್ಕೆ ಕೊಳವೆಯನ್ನೂ ಪೀಠವನ್ನೂ ಕಟ್ಟಿಕೊಟ್ಟವನು ಯಾರ್ಕ್ ಪಟ್ಟಣದ ತಾಮಸ್ ಕುಕ್. 1864ರ ಆಗಸ್ಟ್ 29ರ ರಾತ್ರಿ ಹಗ್ಗಿನ್ಸನು ಆ ದೂರದರ್ಶಕಕ್ಕೆ ರೋಹಿತದರ್ಶಕವನ್ನು ಜೋಡಿಸಿ, ಡ್ರೇಕೋ ಪುಂಜದಲ್ಲಿರುವ ಒಂದು ಸಣ್ಣ ನೀಹಾರಿಕೆಯ ಕಡೆಗೆ ತಿರುಗಿಸಿದಾಗ, ನಕ್ಷತ್ರಗಳಲ್ಲಿ ಕಾಣುವ ಅಖಂಡವಾದ ವರ್ಣಪಟಲಕ್ಕೆ ಬದಲಾಗಿ ಬಿಡಿಬಿಡಿಯಾದ ಉಜ್ಜ್ವಲ ರೇಖೆಗಳು ಗೋಚರಿಸಿದವು. ಆ ನೀಹಾರಿಕೆ ನಕ್ಷತ್ರಗಳ ದಟ್ಟಣೆಯಲ್ಲ, ಹೊಳೆಯುವ ಅನಿಲವೆಂಬುದು ಆ ರಾತ್ರಿ ಸ್ಥಿರಪಟ್ಟಿತು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಬಂದ ಗಾಜು ಖಭೌತ ವಿಜ್ಞಾನದ ಒಂದು ಬಾಗಿಲನ್ನೇ ತೆರೆಯಿತು. ನ್ಯೂವಾಲ್ ಎಂಬ ಉದ್ಯಮಿಗಾಗಿ ಅದೇ ಕುಕ್ಕನ ಕಾರ್ಖಾನೆ ನಿರ್ಮಿಸಿದ 25 ಅಂಗುಲದ ಮಹಾ ದೂರದರ್ಶಕ ಮೊದಲು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೂ, 1950ರ ದಶಕದ ಕೊನೆಯಲ್ಲಿ ಗ್ರೀಸ್ ದೇಶದ ಪೆಂಟೆಲಿ ಬೆಟ್ಟಕ್ಕೂ ಹೋಯಿತು. ನಮ್ಮ ದೇಶದಲ್ಲಿಯೇ, ಪುಣೆಯಲ್ಲಿ ಕಾವಸ್‌ಜಿ ನಾಯಗಾಂವಾಲಾ ಅವರು ನಡೆಸುತ್ತಿದ್ದ ಮಹಾರಾಜ ತಖ್ತಸಿಂಗಜಿ ವೀಕ್ಷಣಾಲಯವು 1912ರಲ್ಲಿ ಮುಚ್ಚಿದಾಗ, ಅಲ್ಲಿನ 20 ಅಂಗುಲದ ಗ್ರಬ್ ದೂರದರ್ಶಕ ಕೊಡೈಕನಾಲಿಗೆ ಸಾಗಿತು.

ಈ ಅಧ್ಯಾಯಕ್ಕೆ ಆಧಾರವಾದ ದೂರದರ್ಶಕ ಇವುಗಳ ಪಂಕ್ತಿಯಲ್ಲಿ ಕೂರತಕ್ಕದ್ದಲ್ಲ. ಅದು ಮೂರು ಅಂಗುಲ, ಎಂದರೆ 76 ಮಿಲಿಮೀಟರ್ ವ್ಯಾಸದ ಮಸೂರವುಳ್ಳ, ನಾಲ್ಕಡಿಗೆ ಸ್ವಲ್ಪ ಕಡಿಮೆ ಉದ್ದದ ಹಿತ್ತಾಳೆಯ ಕೊಳವೆ. ಕೊಡಗಿನ ಕಾಫಿ ತೋಟವೊಂದರ ಹಳೆಯ ಬಂಗಲೆಯ ಸಾಮಾನುಗಳು ವಿಲೇವಾರಿಯಾದಾಗ ಕುರ್ಚಿ ಮೇಜು ದೀಪಗಳೊಡನೆ ಬೆಂಗಳೂರಿನ ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಗೆ ಬಂದು ಸೇರಿದ್ದುದು. ಹಳೆಯ ದೂರದರ್ಶಕವನ್ನು ಕೊಳ್ಳಬಯಸುವವರು ಕನ್ನಡಿಯದಕ್ಕಿಂತ ಮಸೂರದ್ದನ್ನೇ ಹುಡುಕುವುದು ಮೇಲೆಂದು ನನ್ನ ಅಭಿಪ್ರಾಯ: ಕನ್ನಡಿಯ ಮೇಲಿನ ಲೋಹದ ಲೇಪವು ನಮ್ಮ ಮಳೆಗಾಲಗಳಿಗೆ ತಡೆಯದೆ ಮಂಕಾಗುತ್ತದೆ, ಅದಕ್ಕೆ ಮರುಲೇಪ ಮಾಡಿಸುವ ಸ್ಥಳವನ್ನು ಹುಡುಕುವುದೇ ಒಂದು ಪ್ರಯಾಸ, ಮಸೂರಕ್ಕಾದರೋ ಅಂಥ ಲೇಪದ ಹಂಗಿಲ್ಲ.

ಅಂಗಡಿಯವರು ಅದನ್ನು ತೋರಿಸುವಾಗ ಮೊದಲು ಹೇಳಿದ್ದು ಅದರ ಮೇಲಿನ ಕೆತ್ತನೆಯನ್ನು ಕುರಿತು. “ಲಂಡನ್ ಮಾಲು ಸಾರ್, ಹೆಸರು ನೋಡಿ, ಈಗ ಇಂಥದ್ದು ಎಲ್ಲಿ ಸಿಗುತ್ತೆ?” ಎಂದರು. ಹೆಸರು ಇದ್ದದ್ದು ನಿಜ. ಆದರೆ ಆ ಕಾಲದ ಕೊಳವೆಗಳ ಮೇಲೆ ಕೆತ್ತಿರುವ ಹೆಸರು ಅನೇಕ ವೇಳೆ ಮಾಡಿದವನದಲ್ಲ, ಮಾರಿದವನದು. ಕನ್ನಡಕ, ವಾಯುಭಾರ ಮಾಪಕ, ದಿಕ್ಸೂಚಿಗಳನ್ನು ಮಾರುತ್ತಿದ್ದ ಅಂಗಡಿಗಳು ಕಾರ್ಖಾನೆಗಳಿಂದ ದೂರದರ್ಶಕಗಳನ್ನು ತರಿಸಿ ತಮ್ಮ ಹೆಸರನ್ನು ಕೆತ್ತಿಸಿ ಮಾರುವುದು ರೂಢಿಯಾಗಿತ್ತು. ಇಷ್ಟು ಮಾತ್ರವಲ್ಲದೆ, ಮನೆಯ ಅಲಂಕಾರಕ್ಕೆಂದು ಈಚೆಗೆ ಎರಕ ಹೊಯ್ದು, ಹಿಂದಿನ ಪ್ರಸಿದ್ಧ ನಾಮಧೇಯಗಳನ್ನೂ ಹಿಂದಿನ ಇಸವಿಗಳನ್ನೂ ಕೆತ್ತಿ ಮಾರುವ ಹಿತ್ತಾಳೆಯ ದುರ್ಬೀನುಗಳು ನಮ್ಮ ಪೇಟೆಗಳಲ್ಲಿ ಬೇಕಾದಷ್ಟಿವೆ. ಅವುಗಳೊಳಗಿರುವುದು ಸಾಮಾನ್ಯವಾಗಿ ಅಗ್ಗದ ಗಾಜು. ಮುಂದಿನ ಬೀದಿಯ ಫಲಕವನ್ನು ಓದಲು ಅದು ಸಾಲಬಹುದು, ಶನಿಗ್ರಹದ ಉಂಗುರಕ್ಕೆ ಸಾಲದು. ಹೆಸರು, ಇಸವಿ, ಹಿತ್ತಾಳೆಯ ಹೊಳಪು, ಇವು ಮೂರನ್ನೂ ಬದಿಗಿರಿಸಿ, ಗಾಜನ್ನು ಮಾತ್ರ ವಿಚಾರಿಸತಕ್ಕದ್ದು.

ಮೊದಲನೆಯ ವಿಚಾರಣೆ ಅಂಗಡಿಯಲ್ಲಿಯೇ, ಒಂದು ಸಣ್ಣ ಟಾರ್ಚಿನಿಂದ ಆಗತಕ್ಕದ್ದು. ಮಸೂರದ ಎದುರಿಗೆ ಟಾರ್ಚನ್ನು ಸ್ವಲ್ಪ ಓರೆಯಾಗಿ ಹಿಡಿದರೆ ಗಾಜಿನ ಪ್ರತಿಯೊಂದು ಮೈಯೂ ದೀಪದ ಒಂದೊಂದು ಪ್ರತಿಬಿಂಬವನ್ನು ಹಿಂದಕ್ಕೆ ಕಳುಹಿಸುತ್ತದೆ. ಒಂಟಿ ಗಾಜಾದರೆ ಪ್ರತಿಬಿಂಬಗಳು ಎರಡು. ನಡುವೆ ಗಾಳಿಯ ತೆಳುಪದರವಿಟ್ಟು ಜೋಡಿಸಿದ ಎರಡು ಗಾಜುಗಳಾದರೆ ನಾಲ್ಕು. ಅಂಟಿನಿಂದ ಕೂಡಿಸಿದ್ದಾದರೆ ಮೂರು, ಅದರಲ್ಲಿ ಒಂದು ಬಹಳ ಕ್ಷೀಣ. ನನ್ನ ಕೈಯಲ್ಲಿದ್ದುದು ನಾಲ್ಕನ್ನು ತೋರಿಸಿತು, ಮತ್ತು ಅದೇ ಆ ವಸ್ತುವಿನ ನಿಜವಾದ ಕುಲಗೋತ್ರವನ್ನು ತಿಳಿಸಿತು.

ಈ ಜೋಡಿಗಾಜಿನ ವೃತ್ತಾಂತವನ್ನು ಇಲ್ಲಿ ಸ್ವಲ್ಪ ಹೇಳುವುದು ಅವಶ್ಯ. ಒಂಟಿ ಪೀನಮಸೂರವು ಬೆಳಕನ್ನು ಬಾಗಿಸುವಾಗ ನೀಲಿಯನ್ನು ಹೆಚ್ಚಾಗಿಯೂ ಕೆಂಪನ್ನು ಕಡಿಮೆಯಾಗಿಯೂ ಬಾಗಿಸುವುದರಿಂದ, ಒಂದೊಂದು ಬಣ್ಣವೂ ಒಂದೊಂದು ದೂರದಲ್ಲಿ ಕೂಡಿಕೊಂಡು, ಬಿಂಬದ ಸುತ್ತ ಕಾಮನಬಿಲ್ಲಿನ ಅಂಚೊಂದು ಹರಡುತ್ತದೆ. ಇದು ತಪ್ಪಿಸಲಾಗದ ದೋಷವೆಂದು ನ್ಯೂಟನ್ನನಂಥವನೇ ನಂಬಿದ್ದನು. 1730ರ ದಶಕದಲ್ಲಿ ಚೆಸ್ಟರ್ ಮೂರ್ ಹಾಲ್ ಎಂಬ ಆಂಗ್ಲ ವಕೀಲನು, ಕ್ರೌನ್ ಗಾಜಿನ ಪೀನಮಸೂರಕ್ಕೆ ಸೀಸಮಿಶ್ರಿತವಾದ ಫ್ಲಿಂಟ್ ಗಾಜಿನ ನಿಮ್ನಮಸೂರವನ್ನು ಜೊತೆಗೂಡಿಸಿದರೆ, ಮೊದಲನೆಯದು ಚೆದರಿಸಿದ ಬಣ್ಣಗಳನ್ನು ಎರಡನೆಯದು ಎದುರುದಿಕ್ಕಿನಲ್ಲಿ ಚೆದರಿಸಿ ಸರಿದೂಗಿಸುವುದೆಂಬುದನ್ನು ಕಂಡುಕೊಂಡನು. ಬಣ್ಣಗಳನ್ನು ಬೇರ್ಪಡಿಸುವುದರಲ್ಲಿ ಫ್ಲಿಂಟಿಗೆ ಇರುವ ಶಕ್ತಿ ಬೆಳಕನ್ನು ಬಾಗಿಸುವುದರಲ್ಲಿ ಅಷ್ಟಾಗಿ ಹೆಚ್ಚಿಲ್ಲವಾದ್ದರಿಂದ, ಬಣ್ಣ ಅಳಿದರೂ ಬಾಗುವಿಕೆ ಉಳಿಯುತ್ತದೆ. ತನ್ನ ಗುಟ್ಟು ಹೊರಬೀಳದಿರಲೆಂದು ಹಾಲನು ಎರಡು ಗಾಜುಗಳನ್ನು ಇಬ್ಬರು ಬೇರೆ ಬೇರೆ ಕುಶಲಿಗರಿಗೆ ಒಪ್ಪಿಸಿದನಂತೆ. ಅವರಿಬ್ಬರೂ ಪರಸ್ಪರ ಅರಿಯದೆ ಆ ಕೆಲಸವನ್ನು ಜಾರ್ಜ್ ಬ್ಯಾಸ್ ಎಂಬ ಒಬ್ಬನೇ ಸಾಣೆಗಾರನಿಗೆ ವಹಿಸಿದರಂತೆ. ಎರಡೂ ಒಬ್ಬನೇ ಗಿರಾಕಿಗೆ ಹೋಗತಕ್ಕವೆಂದು ತಿಳಿದ ಬ್ಯಾಸನು ಅವನ್ನು ಒಂದರ ಮೇಲೊಂದಿಟ್ಟು ನೋಡಿ ಬಣ್ಣವಿಲ್ಲದ ಬಿಂಬವನ್ನು ಕಂಡನಂತೆ. ಆ ಅರಿವು ಮುಂದೆ ಜಾನ್ ಡಾಲಂಡನನ್ನು ಮುಟ್ಟಿತು, 1758ರಲ್ಲಿ ಅದಕ್ಕೆ ಪೇಟೆಂಟನ್ನು ಪಡೆದವನು ಅವನು. ಅನಂತರ ಜರ್ಮನಿಯ ಫ್ರೌನ್‌ಹೋಫರನು ಎರಡು ಗಾಜುಗಳ ವಕ್ರತೆಗಳನ್ನು ಗಣಿತದಿಂದ ನಿಷ್ಕರ್ಷೆ ಮಾಡಿ ಕೊಟ್ಟ ರೂಪವೇ ಈಗಲೂ ಸಣ್ಣ ದೂರದರ್ಶಕಗಳಲ್ಲಿ ನಡೆದುಬರುತ್ತಿದೆ.

ಟಾರ್ಚಿನ ಬೆಳಕಿನಲ್ಲಿ ಗಾಜಿನ ಮೇಲಿನ ಧೂಳೂ ಗೀರುಗಳೂ ಭಯಂಕರವಾಗಿ ಕಾಣಿಸುವುವು; ಅದಕ್ಕೆ ಗಾಬರಿಪಡಬೇಕಾದ್ದಿಲ್ಲ. ಈ ಮಸೂರದ ಅಂಚಿನಲ್ಲಿ ಮೂರು ಮಿಲಿಮೀಟರ್ ಅಗಲದ ಒಂದು ಚಕ್ಕೆ ಎದ್ದಿತ್ತು. ಮಸೂರದ ಒಟ್ಟು ವಿಸ್ತೀರ್ಣ ಸುಮಾರು 4500 ಚದರ ಮಿಲಿಮೀಟರುಗಳು, ಚಕ್ಕೆಯದು ಏಳು; ಹೋದ ಬೆಳಕು ಸಾವಿರದಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಅಂಥ ಸ್ಥಳಕ್ಕೆ ಕಪ್ಪು ಮಸಿ ಹಚ್ಚಿದರೆ ಅಲ್ಲಿಂದ ಬೆಳಕು ಅಡ್ಡಾದಿಡ್ಡಿ ಚೆದರುವುದೂ ನಿಂತುಹೋಗುತ್ತದೆ. ಚಿಂತಿಸಬೇಕಾದ್ದು ಬೂಷ್ಟಿನ ವಿಷಯ. ಕಾಫಿ ಸೀಮೆಯ ಮಳೆಯಲ್ಲಿ ಎಷ್ಟೋ ಆಷಾಢಗಳನ್ನು ಕಳೆದ ಗಾಜಿನೊಳಗೆ ಅದು ಸಣ್ಣ ಬೇರುಗಳಾಗಿ ಹಬ್ಬಿರುವ ಸಂಭವ ಬಹಳ. ಅದು ಸ್ರವಿಸುವ ಆಮ್ಲ ಗಾಜನ್ನೇ ಕೊರೆದಿದ್ದರೆ ಒರೆಸುವುದರಿಂದ ಪ್ರಯೋಜನವಿಲ್ಲ. ಇಲ್ಲಿ ಎರಡು ಗಾಜುಗಳ ನಡುವೆ ಅಂಚಿನ ಬಳಿ ಅದರ ಸಣ್ಣದೊಂದು ಎಳೆ ಮಾತ್ರ ಇತ್ತು.

ಒಳಗಿನ ಫ್ಲಿಂಟ್ ಗಾಜಿನ ಮೈ ಮೇಲೆ ತೆಳ್ಳನೆಯ ನೀಲಿ ಮಿಶ್ರಿತ ಕಂದು ಛಾಯೆಯೊಂದು ಹರಡಿತ್ತು. ಹಳೆಯ ಮಸೂರಗಳಲ್ಲಿ ಇದು ಸಾಮಾನ್ಯ. ನೋಡಿದ ಕೂಡಲೆ ಉಜ್ಜಿ ತೆಗೆಯಬೇಕೆಂದು ಕೈ ತವಕಿಸುವುದೂ ಸಾಮಾನ್ಯ. ಹಾಗೆ ಮಾಡಲೇಕೂಡದು. 1892ರ ಸುಮಾರಿನಲ್ಲಿ ಕುಕ್ ಕಾರ್ಖಾನೆಯ ದೃಗ್ವಿಜ್ಞಾನಿ ಡೆನಿಸ್ ಟೇಲರನು, ಕೆಲವು ವರ್ಷ ಹಳೆಯದಾದ ಒಂದು ಮಸೂರದ ಇಂಥದೇ ಕಂದನ್ನು ಪರೀಕ್ಷಿಸಿ, ಅದು ಬೆಳಕನ್ನು ತಡೆಯುವುದಕ್ಕೆ ಬದಲಾಗಿ ಹೊಸ ಗಾಜಿಗಿಂತ ಹೆಚ್ಚು ಬೆಳಕನ್ನು ಒಳಕ್ಕೆ ಬಿಡುತ್ತದೆಂಬ ಆಶ್ಚರ್ಯವನ್ನು ಕಂಡನು. ಕಾರಣವೇನೆಂದರೆ, ಬೋಳುಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನು ಪ್ರತಿಫಲಿಸಿ ಕಳೆದುಬಿಡುತ್ತದೆ. ನಾಲ್ಕು ಮೈಗಳಿಗೆ ಸೇರಿ ಐದನೆಯ ಒಂದು ಭಾಗದ ಸಮೀಪಕ್ಕೆ ನಷ್ಟ ಬರುತ್ತದೆ. ಗಾಳಿಯ ತೇವವು ಗಾಜಿನ ಹೊರಪದರದಿಂದ ಕೆಲವು ಅಂಶಗಳನ್ನು ಕರಗಿಸಿ ತೆಗೆದಾಗ ಉಳಿಯುವ ತೆಳುಪೊರೆಯ ವಕ್ರೀಭವನ ಶಕ್ತಿ ಒಳಗಾಜಿನದಕ್ಕಿಂತ ಕಡಿಮೆ. ಆ ಪೊರೆಯ ಮೇಲ್ಮೈಯಿಂದಲೂ ಅಡಿಯಿಂದಲೂ ಹಿಂದಿರುಗುವ ಅಲೆಗಳು ಒಂದನ್ನೊಂದು ಅಳಿಸಿಕೊಳ್ಳುವುದರಿಂದ ಪ್ರತಿಫಲನ ತಗ್ಗಿ, ಒಳಹೋಗುವ ಬೆಳಕು ಹೆಚ್ಚುತ್ತದೆ. ಇದೇ ಗುಣವನ್ನು ಬುದ್ಧಿಪೂರ್ವಕವಾಗಿ ಗಾಜಿಗೆ ಕೊಡುವ ವಿಧಾನವನ್ನು 1935ರಲ್ಲಿ ಝೈಸ್ ಕಾರ್ಖಾನೆಯ ಅಲೆಕ್ಸಾಂಡರ್ ಸ್ಮಕುಲಾ ಸಿದ್ಧಿಸಿಕೊಂಡನು. ಈಗಿನ ಕ್ಯಾಮರಾಗಳ ಮಸೂರಗಳಲ್ಲಿ ಕಾಣುವ ನೇರಿಳೆ ಹೊಳಪು ಅದರ ಫಲ. ಮುಪ್ಪು ತಾನಾಗಿ ಗಾಜಿಗೆ ಕೊಟ್ಟ ಉಪಕಾರವನ್ನು ನಾವು ಹತ್ತಿಬಟ್ಟೆಯಿಂದ ಅಳಿಸಿಹಾಕುವುದು ಅನ್ಯಾಯ.

ಹಿತ್ತಾಳೆಗೆ ಅಂಥ ಅದೃಷ್ಟವಿರಲಿಲ್ಲ. ತಯಾರಕರು ಅದರ ಮೇಲೆ ಹಚ್ಚಿದ್ದ ಅರಗಿನ ಮೆರುಗನ್ನು ಯಾವುದೋ ಮನೆಯ ಶ್ರದ್ಧಾವಂತ ಕೈಗಳು ಹುಣಸೆಹಣ್ಣಿನಿಂದ ತಿಕ್ಕಿ ತಿಕ್ಕಿ ನಿರ್ನಾಮ ಮಾಡಿದ್ದವು. ನೋಟಕ್ಕೆ ಇದರಿಂದ ಬಾಧಕವಿಲ್ಲ. ಇದಕ್ಕಿಂತ ಗಹನವಾದ ಕೊರತೆಯೊಂದು ಕೆಲವು ಹಳೆಯ ದೂರದರ್ಶಕಗಳಲ್ಲಿ ಗುಪ್ತವಾಗಿರುತ್ತದೆ: ಮಸೂರದ ಅಂಚು ಸರಿಯಾಗಿ ಸಾಣೆಯಾಗಿಲ್ಲದಿದ್ದರೆ ತಯಾರಕನು ಕೊಳವೆಯೊಳಗೆ ಒಂದು ಕಿರಿದಾದ ಬಳೆಯನ್ನಿಟ್ಟು ಅಂಚಿನ ಬೆಳಕನ್ನು ತಡೆದುಬಿಡುತ್ತಾನೆ, ಕೊಂಡವನು ಮೂರು ಅಂಗುಲಕ್ಕೆ ಹಣ ಕೊಟ್ಟು ಎರಡು ಅಂಗುಲದ ದೂರದರ್ಶಕವನ್ನು ಮನೆಗೆ ತರುತ್ತಾನೆ. ಇದನ್ನು ಹಗಲಿನಲ್ಲಿಯೇ ಪತ್ತೆಹಚ್ಚಬಹುದು. ದೂರದರ್ಶಕವನ್ನು ಬಿಳಿಯ ಆಕಾಶದ ಕಡೆಗೆ, ಸೂರ್ಯನಿಂದ ಬಹು ದೂರಕ್ಕೆ, ತಿರುಗಿಸಿ ನೇತ್ರಮಸೂರದಿಂದ ಒಂದಡಿ ಹಿಂದೆ ಸರಿದು ನೋಡಿದರೆ ಅದರ ಮೇಲೆ ಒಂದು ಸಣ್ಣ ಬೆಳಕಿನ ವೃತ್ತ ತೇಲುತ್ತಿರುವುದು ಕಾಣುತ್ತದೆ. ಅದು ವಸ್ತುಮಸೂರದ ಪ್ರತಿಬಿಂಬವೇ ಆಗಿದೆ. ಸ್ನೇಹಿತರೊಬ್ಬರು ಮುಂದುಗಡೆ ಮಸೂರದ ಅಂಚಿನ ಮೇಲೆ ಬೆರಳಿನ ತುದಿಯನ್ನು ಚಾಚಿದಾಗ ಆ ವೃತ್ತದ ಅಂಚಿನಲ್ಲಿ ಬೆರಳಿನ ನೆರಳು ಕಂಡರೆ, ಅಂಚಿನವರೆಗಿನ ಬೆಳಕೆಲ್ಲವೂ ಕಣ್ಣಿಗೆ ತಲುಪುತ್ತಿದೆಯೆಂದು ಅರ್ಥ. ಆ ವೃತ್ತದ ವ್ಯಾಸವನ್ನು ಗ್ರಾಫ್ ಕಾಗದದ ಗೆರೆಗಳಿಂದ ಅಳೆದು, ಮಸೂರದ ವ್ಯಾಸವನ್ನು ಅದರಿಂದ ಭಾಗಿಸಿದರೆ, ಗುರುತು ಅಳಿಸಿಹೋದ ಹಳೆಯ ನೇತ್ರಮಸೂರದ ವರ್ಧನಶಕ್ತಿಯೂ ತಿಳಿಯುತ್ತದೆ: ವೃತ್ತ ಎರಡು ಮಿಲಿಮೀಟರಿನದಾದರೆ ವರ್ಧನ ಮೂವತ್ತೆಂಟು ಪಟ್ಟು.

ಮನೆಗೆ ತಂದ ಮೇಲಿನ ಮೊದಲ ಕೆಲಸ ಯಾಂತ್ರಿಕವಾದುದು. ಬಿಂಬವನ್ನು ಸ್ಫುಟಗೊಳಿಸಲು ಕೊಳವೆಯನ್ನು ಹಿಂದೆಮುಂದೆ ಸರಿಸುವ ಹಲ್ಲುಪಟ್ಟಿಯ ಹಳೆಯ ಗ್ರೀಸು ಗಟ್ಟಿಯಾಗಿ ಮೇಣವಾಗಿಬಿಟ್ಟಿತ್ತು. ಸೀಮೆಎಣ್ಣೆಯಿಂದ ತೊಳೆದು ಹೊಸ ಗ್ರೀಸು ಹಚ್ಚಿದ ಮೇಲೆ ಅದು ಹದಕ್ಕೆ ಬಂತು. ನೇತ್ರಮಸೂರಗಳು ಎರಡು ಮಾತ್ರ ಉಳಿದಿದ್ದವು, ಎರಡೂ ಹೈಗೆನ್ಸನ ಮಾದರಿಯವು. ಈಗಿನ ನೇತ್ರಮಸೂರಗಳು 1¼ ಅಂಗುಲದ ನಯವಾದ ಕೊಳವೆಯಲ್ಲಿ ಜಾರಿ ಕೂರುತ್ತವೆ. ಹಳೆಯ ಆಂಗ್ಲ ದೂರದರ್ಶಕಗಳಲ್ಲಿಯೋ ಅವು ತಿರುಪಿನಿಂದ ಕೂರತಕ್ಕವು. ಆ ತಿರುಪಿನ ಅಳತೆಗೆ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಹೆಸರು ನಿಂತಿದೆ. ನಡುವೆ ಹಾಕಲು ಒಂದು ಹಿತ್ತಾಳೆಯ ಬಳೆಯನ್ನು ಮಾಡಿಸಿಕೊಳ್ಳುವುದಕ್ಕಾಗಿ ಲೇತ್ ಕೆಲಸದ ಮೇಸ್ತ್ರಿಯೊಬ್ಬರ ಬಳಿಗೆ ಹೋದೆ. ಅವರು ಪಿಚ್ ಗೇಜಿನ ಎಲೆಗಳನ್ನು ಒಂದೊಂದಾಗಿ ಆ ಸುತ್ತುಗಳ ಮೇಲಿಟ್ಟು ಬೆಳಕಿಗೆ ಹಿಡಿದು, “ಇದು ಮಿಲಿಮೀಟರ್ ಥ್ರೆಡ್ಡಲ್ಲ ಸಾರ್, ವಿಟ್‌ವರ್ತು; ಇಂಚಿಗೆ ಹದಿನಾರು” ಎಂದರು. ಪುಸ್ತಕಗಳಲ್ಲಿ ಕೊಟ್ಟಿರುವ ಅಳತೆಯೂ ಅದೇ. ಪುಸ್ತಕವನ್ನು ಕಾಣದೆಯೇ ತಗಡಿನ ಒಂದು ಎಲೆಯಿಂದ ಅದನ್ನು ಓದಿದ ಆ ಕೈಗೂ ಕಣ್ಣಿಗೂ ನಾನು ಮನಸ್ಸಿನಲ್ಲಿಯೇ ನಮಸ್ಕರಿಸಿದೆ.

ಇನ್ನು ಮುಖ್ಯವಾದ ಪರೀಕ್ಷೆಗೆ ಬರೋಣ. ಮಸೂರದ ಗುಣವನ್ನು ನಿರ್ಣಯಿಸಲು ಚಂದ್ರನು ಸಾಲನು. ಅವನು ಎಂಥ ಗಾಜಿನಲ್ಲಿಯೂ ಸುಂದರನೇ. ನಿರ್ದಾಕ್ಷಿಣ್ಯವಾದ ತೀರ್ಪು ಕೊಡುವುದು ಒಂದು ಒಂಟಿ ನಕ್ಷತ್ರ. ಪಾಶ್ಚಾತ್ಯ ಗ್ರಂಥಗಳು ಇದಕ್ಕೆ ಧ್ರುವನಕ್ಷತ್ರವನ್ನು ಆರಿಸಿಕೊಳ್ಳಲು ಹೇಳುತ್ತವೆ, ಅದು ಸ್ಥಿರವಾಗಿ ನಿಲ್ಲುವುದರಿಂದ. ಆದರೆ ಲಂಡನ್ನಿನಲ್ಲಿ ಐವತ್ತೊಂದು ಅಂಶದಷ್ಟು ಮೇಲಿರುವ ಧ್ರುವವು ಬೆಂಗಳೂರಿನಲ್ಲಿ ಹದಿಮೂರು ಅಂಶದ ಎತ್ತರದಲ್ಲಿ ನಿಲ್ಲತಕ್ಕದ್ದು. ಅಷ್ಟು ಕೆಳಗೆ ಅದರ ಬೆಳಕು ನೆತ್ತಿಯ ಮೇಲಿನದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ವಾಯುವನ್ನು ಹಾದು ಬರುವುದರಿಂದ, ಗಾಳಿಯ ದೋಷವಾವುದು ಗಾಜಿನ ದೋಷವಾವುದು ಎಂದು ತಿಳಿಯುವುದೇ ದುಸ್ತರ. ನಮ್ಮವರು ನೆತ್ತಿಯ ಸಮೀಪದ ಎರಡನೆಯ ಪ್ರಮಾಣದ ಒಂದು ನಕ್ಷತ್ರವನ್ನು ಹಿಡಿಯಬೇಕು. ಫೆಬ್ರವರಿ ತಿಂಗಳ ನಡುವೆ ರಾತ್ರಿ ಒಂಬತ್ತರ ಹೊತ್ತಿಗೆ ಮಿಥುನ ರಾಶಿಯ ಪಾದದಲ್ಲಿರುವ ಅಲ್ಹೆನಾ ನೆತ್ತಿಯ ಬಳಿಗೆ ಬರುತ್ತದೆ; ಆಗಿನ ನಿರ್ಮಲವಾದ ಆಕಾಶವೂ ಅನುಕೂಲ. ಕೊಳವೆಯನ್ನು ಅರ್ಧ ಗಂಟೆ ಮುಂಚಿತವಾಗಿಯೇ ಹೊರಗಿಟ್ಟಿರಬೇಕು, ಒಳಗಿನ ಬೆಚ್ಚನೆಯ ಗಾಳಿ ಹೊರಗಿನದರೊಡನೆ ಸಮವಾಗುವವರೆಗೆ ಬಿಂಬ ಕುದಿಯುತ್ತಿರುತ್ತದೆ.

ಸರಿಯಾದ ಮಸೂರವು, ನೂರು ಪಟ್ಟಿಗೆ ಮಿಕ್ಕ ವರ್ಧನದಲ್ಲಿ, ನಕ್ಷತ್ರವನ್ನು ಬಿಂದುವಾಗಿ ತೋರಿಸುವುದಿಲ್ಲ. ಒಂದು ಪುಟ್ಟ ದುಂಡು ಬಿಲ್ಲೆಯಾಗಿಯೂ ಅದರ ಸುತ್ತ ಒಂದೆರಡು ಸೂಕ್ಷ್ಮವಾದ ಬೆಳಕಿನ ಬಳೆಗಳಾಗಿಯೂ ತೋರಿಸುತ್ತದೆ. ಆ ಬಿಲ್ಲೆ ನಕ್ಷತ್ರದ ಮೈಯಲ್ಲ. ನಕ್ಷತ್ರಗಳ ನಿಜವಾದ ಬಿಂಬ ಇಂಥ ದೂರದರ್ಶಕಕ್ಕೆ ಎಟುಕತಕ್ಕದ್ದೇ ಅಲ್ಲ. ನಮಗೆ ದೊಡ್ಡದಾಗಿ ಕಾಣತಕ್ಕವುಗಳಲ್ಲಿ ಒಂದಾದ ಆರ್ದ್ರಾ ನಕ್ಷತ್ರದ್ದೇ ಒಂದು ವಿಕಲೆಯ ಇಪ್ಪತ್ತನೆಯ ಒಂದು ಭಾಗದಷ್ಟು, ಮತ್ತು ಚಂದ್ರಬಿಂಬದ ವ್ಯಾಸ ಸಾವಿರದ ಎಂಟುನೂರು ವಿಕಲೆಗಳಿಗೆ ಮಿಕ್ಕದ್ದು. ಬೆಳಕು ಅಲೆಯಾದುದರಿಂದ, ದುಂಡಾದ ಕಿಂಡಿಯೊಂದನ್ನು ಹಾದುಬಂದಾಗ ಅದು ಅಂಚಿನಲ್ಲಿ ಹರಡಿ, ಕೆಲವೆಡೆ ಕೂಡಿ ಕೆಲವೆಡೆ ಕಳೆದು, ಈ ಬಿಲ್ಲೆಯನ್ನೂ ಬಳೆಗಳನ್ನೂ ರಚಿಸುತ್ತದೆ. ಇದರ ಗಣಿತವನ್ನು 1835ರಲ್ಲಿ ಬರೆದವನು ಜಾರ್ಜ್ ಏರಿ. ಅವನ ಲೆಕ್ಕದಂತೆ ನನ್ನ ಮೂರು ಅಂಗುಲದ ಗಾಜಿನಲ್ಲಿ ಮೊದಲ ಕಪ್ಪು ವೃತ್ತದವರೆಗಿನ ಬಿಲ್ಲೆಯ ವ್ಯಾಸ ಸುಮಾರು 3.6 ವಿಕಲೆಗಳಾಗಬೇಕು, ಮತ್ತು ಬಂದ ಬೆಳಕಿನಲ್ಲಿ ನೂರಕ್ಕೆ ಎಂಬತ್ತನಾಲ್ಕು ಪಾಲು ಅದರೊಳಗೆ ಸೇರಬೇಕು. ಮಸೂರ ಹಿರಿದಾದಷ್ಟೂ ಬಿಲ್ಲೆ ಕಿರಿದು. ಸಾಣೆಗಾರನ ಪರಿಶ್ರಮಕ್ಕೆ ಪ್ರಕೃತಿಯು ಹಾಕಿದ ಎಲ್ಲೆ ಇದಾಗಿದೆ, ಅದರಾಚೆಗೆ ಯಾವ ಕುಶಲಿಗನೂ ಹೋಗಲಾರನು. ಆ ಎಲ್ಲೆಯನ್ನು ಮುಟ್ಟಿದನೇ ಇಲ್ಲವೇ ಎಂಬುದನ್ನು ಕೇಳುವ ಹಕ್ಕು ನಮಗುಂಟು.

ಮೊದಲ ರಾತ್ರಿ ನಾನು ಕಂಡದ್ದು ದುಂಡಾಗಿರಲಿಲ್ಲ. ನಕ್ಷತ್ರ ಮುಮ್ಮೂಲೆಯಾಗಿತ್ತು, ಮೂರು ಕಡೆಗೆ ಮೂರು ಸಣ್ಣ ಚುಂಚುಗಳು ಚಾಚಿಕೊಂಡಿದ್ದವು. ಇಂಥಲ್ಲಿ ಅನುಮಾನಕ್ಕೆ ಪಾತ್ರವಾದವು ಮೂರು: ನೋಡುವ ಕಣ್ಣು, ನೇತ್ರಮಸೂರ, ವಸ್ತುಮಸೂರ. ತಲೆಯನ್ನು ಓರೆಮಾಡಿದೆ, ಮೂಲೆಗಳು ತಿರುಗಲಿಲ್ಲ, ದೋಷ ಕಣ್ಣಿನದಲ್ಲ. ನೇತ್ರಮಸೂರವನ್ನು ಅದರ ಬಳೆಯಲ್ಲಿ ತಿರುಗಿಸಿದೆ, ಆಗಲೂ ತಿರುಗಲಿಲ್ಲ. ವಸ್ತುಮಸೂರವನ್ನು ಅದರ ಗೂಡಿನ ಸಹಿತ ಕಾಲು ಸುತ್ತು ತಿರುಗಿಸಿದಾಗ ಮೂಲೆಗಳೂ ಕಾಲು ಸುತ್ತು ತಿರುಗಿದವು. ಹಗಲಿನಲ್ಲಿ ಬಿಚ್ಚಿ ನೋಡಲಾಗಿ ಕಾರಣ ಸ್ಪಷ್ಟವಾಯಿತು. ಎರಡು ಗಾಜುಗಳ ನಡುವೆ ಅಂತರವನ್ನು ಕಾಪಾಡಲು ಅಂಚಿನಲ್ಲಿ ಮೂರು ಸಮದೂರದ ಸ್ಥಾನಗಳಲ್ಲಿ ತವರದ ತಗಡಿನ ಚೂರುಗಳಿರುತ್ತವೆ. ಮುಂದಿನ ಬಿಗಿಬಳೆಯನ್ನು ಯಾರೋ ಹಿಂದಿನವರು ಶಕ್ತಿಯಿದ್ದಷ್ಟು ತಿರುಗಿಸಿ ಬಿಗಿದಿದ್ದರಿಂದ ಗಾಜು ಆ ಮೂರು ಸ್ಥಾನಗಳಲ್ಲಿ ಹಿಸುಕಿಕೊಂಡು ಕಣ್ಣಿಗೆ ಕಾಣದಷ್ಟು ಬಾಗಿತ್ತು. ಅಕ್ಕಸಾಲಿಗನು ಉಂಗುರದಲ್ಲಿ ಹರಳನ್ನು ಕೂರಿಸುವಾಗ ಅದು ಅಲುಗದಂತೆ ಬಿಗಿಯುವನಷ್ಟೆ. ಮಸೂರವನ್ನು ಕೂರಿಸುವ ನ್ಯಾಯ ಅದಕ್ಕೆ ತದ್ವಿರುದ್ಧವಾದುದು, ಗೂಡನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲುಗಿಸಿದರೆ ಗಾಜು ಅತಿ ಸಣ್ಣಗೆ ಸದ್ದು ಮಾಡುವಷ್ಟು ಸಡಿಲವಿರಬೇಕು.

ಬಿಚ್ಚುವಾಗ ಒಂದು ಎಚ್ಚರಿಕೆ. ಎರಡು ಗಾಜುಗಳು ಒಂದಕ್ಕೊಂದು ಯಾವ ಕೋನದಲ್ಲಿ ಕೂತಿದ್ದವೋ ಅದೇ ಕೋನದಲ್ಲಿ, ಯಾವ ಮೈ ಆಕಾಶಕ್ಕೆ ಅಭಿಮುಖವಾಗಿತ್ತೋ ಅದೇ ಮೈ ಅಭಿಮುಖವಾಗಿ ಮರಳಿ ಕೂರಬೇಕು. ಒಳ್ಳೆಯ ಕುಶಲಿಗರು ಇದಕ್ಕಾಗಿಯೇ ಗಾಜಿನ ಪಕ್ಕದಲ್ಲಿ ಎರಡನ್ನೂ ಸೇರಿಸಿ ಬಾಣದ ಮೊನೆಯಂಥ ಗುರುತನ್ನು ಗೀರಿರುತ್ತಾರೆ. ಇಲ್ಲಿ ಆ ಗುರುತು ಇತ್ತು. ಇಲ್ಲದಿದ್ದರೆ ಬಿಚ್ಚುವುದಕ್ಕೆ ಮೊದಲೇ ಸೀಸದಕಡ್ಡಿಯಿಂದ ಬರೆದುಕೊಳ್ಳತಕ್ಕದ್ದು. ಬೂಷ್ಟಿನ ಎಳೆ ಶುದ್ಧವಾದ ಆಲ್ಕೊಹಾಲಿನಲ್ಲಿ ತೋಯಿಸಿದ ಹತ್ತಿಯ ಒಂದೇ ಮೃದುವಾದ ಸವರುವಿಕೆಗೆ ಹೊರಟುಹೋಯಿತು. ನೀಲಿ ಕಂದನ್ನು ನಾನು ಮುಟ್ಟಲಿಲ್ಲ.

ಬಿಗಿಬಳೆಯನ್ನು ಸಡಿಲಿಸಿ ನೋಡಿದ ರಾತ್ರಿ ಅಲ್ಹೆನಾ ದುಂಡಾಗಿತ್ತು. ಬಿಲ್ಲೆಯೂ ಅದರ ಸುತ್ತ ಬಲು ತೆಳುವಾದ ಒಂದು ಬಳೆಯೂ ಅಷ್ಟಷ್ಟಾಗಿ ಮಿಡುಕುತ್ತ ನಿಂತಿದ್ದವು. ಅನಂತರ ನೇತ್ರಮಸೂರವನ್ನು ನಾಭಿಯಿಂದ ಸ್ವಲ್ಪ ಒಳಕ್ಕೂ ಸ್ವಲ್ಪ ಹೊರಕ್ಕೂ ಸರಿಸಿ ನೋಡುವ ಪರೀಕ್ಷೆಯನ್ನು ಮಾಡಿದೆ. ಹಾಗೆ ಸರಿಸಿದಾಗ ನಕ್ಷತ್ರವು ಒಂದರೊಳಗೊಂದಾದ ಅನೇಕ ವೃತ್ತಗಳಾಗಿ ಹರಡಿಕೊಳ್ಳುತ್ತದೆ. ಒಳಗಡೆಯ ವೃತ್ತಗಳ ವಿನ್ಯಾಸವೂ ಹೊರಗಡೆಯ ವಿನ್ಯಾಸವೂ ಸಮಾನವಾಗಿದ್ದರೆ ಮಸೂರದ ಗೋಳದೋಷ ಅತ್ಯಲ್ಪವೆಂದು ತಿಳಿಯಬೇಕು. ಒಂದು ಕಡೆ ಅಡ್ಡವಾದ ದೀರ್ಘವೃತ್ತವೂ ಇನ್ನೊಂದು ಕಡೆ ಲಂಬವಾದ ದೀರ್ಘವೃತ್ತವೂ ಕಂಡರೆ ಗಾಜು ಎರಡು ದಿಕ್ಕುಗಳಲ್ಲಿ ಎರಡು ಬಗೆಯಾಗಿ ಬಾಗಿದೆಯೆಂದು ಅರ್ಥ, ಅಂಥದನ್ನು ಹಿಂದಿರುಗಿಸುವುದೇ ಲೇಸು. ಬಣ್ಣಗಳ ವಿಷಯದಲ್ಲಿ ಮಾತ್ರ ಎರಡು ಪಕ್ಕಗಳು ಬೇರೆಯಾಗಿರುವುದು ಸಹಜ: ನಾಭಿಯ ಒಳಗಡೆ ವೃತ್ತಗಳ ಹೊರ ಅಂಚು ಕೆಂಪು ಮಿಶ್ರಿತ ನೇರಿಳೆ, ಹೊರಗಡೆ ಅದು ಹಸಿರು ಮಿಶ್ರಿತ ಹಳದಿ. ಎರಡು ಗಾಜುಗಳ ಜೋಡಿ ಬಣ್ಣವನ್ನು ಬಹುಮಟ್ಟಿಗೆ ಅಳಿಸುತ್ತದೆಯೇ ಹೊರತು ಪೂರ್ಣವಾಗಿ ಅಲ್ಲ. ನಾಭಿದೂರ ವ್ಯಾಸಕ್ಕೆ ಹದಿನೈದು ಪಟ್ಟಿರುವ ಇಂಥ ಉದ್ದ ಕೊಳವೆಗಳಲ್ಲಿ ಉಳಿದ ಬಣ್ಣ ಕಣ್ಣಿಗೆ ಹೊರೆಯಾಗದು. ಹಿಂದಿನವರು ಕೊಳವೆಗಳನ್ನು ಅಷ್ಟು ನೀಳವಾಗಿ ಮಾಡಿದ್ದರ ರಹಸ್ಯ ಇಷ್ಟೆ.

ಅದೇ ರಾತ್ರಿ ಪುನರ್ವಸುವಿನ ಎರಡು ನಕ್ಷತ್ರಗಳಲ್ಲಿ ಒಂದಾದ ಕ್ಯಾಸ್ಟರಿನ ಕಡೆಗೆ ತಿರುಗಿದೆ. ಬರಿಗಣ್ಣಿಗೆ ಒಂದಾದ ಅದು ಅಲ್ಲಿ ಎರಡು ಬಿಳಿಯ ಬಿಲ್ಲೆಗಳಾಗಿ, ಐದು ವಿಕಲೆಗಳಿಗೆ ಸ್ವಲ್ಪ ಮೇಲ್ಪಟ್ಟ ಅಂತರದಲ್ಲಿ, ನಡುವೆ ಶುದ್ಧವಾದ ಕಪ್ಪಿನ ಎಡೆಯೊಡನೆ ಪ್ರತ್ಯೇಕವಾಗಿ ನಿಂತವು. ಒಂದರ ಪ್ರಭೆ ಇನ್ನೊಂದಕ್ಕಿಂತ ಕೊಂಚ ಕುಂದು. ಇವೆರಡೂ ಒಂದನ್ನೊಂದು ಸುತ್ತುತ್ತಿರುವುವೆಂದು 1803ರಲ್ಲಿ ವಿಲಿಯಂ ಹರ್ಷಲ್ ಪ್ರಕಟಿಸಿದಾಗ, ಸೂರ್ಯಮಂಡಲದ ಆಚೆಗೂ ಗುರುತ್ವದ ಆಳ್ವಿಕೆಯುಂಟೆಂಬುದಕ್ಕೆ ಮೊದಲ ಪ್ರತ್ಯಕ್ಷ ಪ್ರಮಾಣಗಳಲ್ಲಿ ಒಂದು ದೊರೆಯಿತು. ಸುತ್ತಿನ ಅವಧಿ ನಾಲ್ಕೂವರೆ ಶತಮಾನಗಳಿಗೆ ಸಮೀಪವಾದುದು. ಈ ಗಾಜನ್ನು ಸಾಣೆ ಹಿಡಿದವನು ಅದನ್ನು ಪರೀಕ್ಷಿಸಲು ಕ್ಯಾಸ್ಟರನ್ನೇ ನೋಡಿದ್ದಿರಬಹುದಾದರೆ, ಅವನು ಕಂಡ ಜೋಡಿ ಬೇರೊಂದು ಕೋನದಲ್ಲಿ ನಿಂತಿದ್ದಿರಬೇಕು. ಮೂರು ಅಂಗುಲದ ಗಾಜಿನ ಮಿತಿ, ಡಾಸ್‌ನು ಅನುಭವದಿಂದ ಕೊಟ್ಟ ಸೂತ್ರದಂತೆ, ಒಂದೂವರೆ ವಿಕಲೆ. ಅದರ ಸಮೀಪಕ್ಕೆ ಹೋಗಬಯಸುವವರು ಅಭಿಜಿತ್ ನಕ್ಷತ್ರದ ಪಕ್ಕದ ಜೋಡಿಯ ಜೋಡಿಯನ್ನು ಹುಡುಕಲಿ. ಅಲ್ಲಿನ ಎರಡೆರಡು ನಕ್ಷತ್ರಗಳ ಅಂತರ ಎರಡು ವಿಕಲೆಗಳಿಗೆ ತುಸು ಹೆಚ್ಚು. ಅದು ಸಂಜೆಯ ಆಕಾಶದಲ್ಲಿ ಎತ್ತರಕ್ಕೆ ಬರುವುದು ನಮ್ಮ ಮೋಡಗಳ ತಿಂಗಳಲ್ಲಿ ಎಂಬುದೊಂದೇ ತೊಡಕು.

ದೂರದರ್ಶಕದೊಡನೆ ಬಂದ ಪೆಟ್ಟಿಗೆಯ ಮೂಲೆಯಲ್ಲಿ ಗಾಢವಾದ ಕಪ್ಪು ಗಾಜು ಕೂರಿಸಿದ ಸಣ್ಣ ಹಿತ್ತಾಳೆಯ ಮುಚ್ಚಳವೊಂದಿತ್ತು. ಸೂರ್ಯನನ್ನು ನೋಡುವಾಗ ನೇತ್ರಮಸೂರಕ್ಕೆ ತೊಡಿಸತಕ್ಕದ್ದೆಂದು ಹಿಂದಿನವರು ಕೊಡುತ್ತಿದ್ದ ವಸ್ತು ಅದು. ಹಳೆಯ ದೂರದರ್ಶಕದೊಡನೆ ಇದು ಯಾರಿಗೆ ದೊರೆತರೂ ಆ ಗಳಿಗೆಯಲ್ಲಿಯೇ ಒಡೆದು ಹಾಕಬೇಕು. 76 ಮಿಲಿಮೀಟರ್ ಗಾಜಿನ ಮೇಲೆ ಬಿದ್ದ ಬಿಸಿಲೆಲ್ಲವೂ ನಾಭಿಯಲ್ಲಿ ಹನ್ನೊಂದು ಮಿಲಿಮೀಟರ್ ಅಗಲದ ಸೂರ್ಯಬಿಂಬದೊಳಕ್ಕೆ ಕೂಡುತ್ತದೆ, ಎಂದರೆ ಐವತ್ತು ಪಟ್ಟಿನ ಸಮೀಪಕ್ಕೆ ಸಾಂದ್ರವಾಗುತ್ತದೆ. ಆ ಕಾವಿಗೆ ಕಪ್ಪು ಗಾಜು ಯಾವ ಮುನ್ಸೂಚನೆಯೂ ಇಲ್ಲದೆ ಸೀಳಿದರೆ ನೋಡುತ್ತಿರುವ ಕಣ್ಣು ಹೋದಂತೆಯೇ. ಸೂರ್ಯನ ಕಲೆಗಳನ್ನು ನೋಡಬೇಕಾದರೆ ಬಿಂಬವನ್ನು ಬಿಳಿಯ ಕಾಗದದ ಮೇಲೆ ಬೀಳಿಸಿ ನೋಡಬಹುದು, ಮಕ್ಕಳು ಕೊಳವೆಯ ಬಳಿಗೆ ಬಾರದಂತೆ ಒಬ್ಬರು ಕಾವಲಿದ್ದು. ಹೈಗೆನ್ಸನ ಹಳೆಯ ನೇತ್ರಮಸೂರಗಳಲ್ಲಿ ಅಂಟಿಸಿದ ಗಾಜುಗಳಿಲ್ಲವಾದ್ದರಿಂದ ಆ ಕೆಲಸಕ್ಕೆ ಅವೇ ಉಚಿತ. ಮಳೆಗಾಲದಲ್ಲಿ ಮಸೂರವನ್ನು ಅದರ ಗೂಡಿನೊಡನೆ ಬಿಚ್ಚಿ, ತೇವ ಹೀರುವ ಸಿಲಿಕಾ ಜೆಲ್ಲಿನೊಡನೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಜೆಲ್ಲಿನ ಬಣ್ಣ ಮಾಸಿದಾಗ ಹುರಿದು ಒಣಗಿಸಿ ಮತ್ತೆ ಇಡುವ ಪದ್ಧತಿಯನ್ನು ಇಟ್ಟುಕೊಂಡಿದ್ದೇನೆ.

ದಕ್ಷಿಣ ಕರ್ನಾಟಕದಲ್ಲಿರುವವರಿಗೆ ಯೂರೋಪಿನ ವೀಕ್ಷಕರಿಗಿಲ್ಲದ ಒಂದು ಸೌಭಾಗ್ಯವುಂಟು, ಇಂಥ ಸಣ್ಣ ದೂರದರ್ಶಕವಿರುವವರು ಅದನ್ನು ಬಿಡಬಾರದು. ಮೇ ತಿಂಗಳ ನಡುವೆ ರಾತ್ರಿ ಹನ್ನೊಂದರ ಸುಮಾರಿಗೆ ದಕ್ಷಿಣ ದಿಗಂತದಿಂದ ಹದಿನಾರು ಅಂಶದಷ್ಟು ಮೇಲೆ ಆಲ್ಫಾ ಸೆಂಟೌರಿ ಹೊಳೆಯುತ್ತದೆ. ಸೂರ್ಯನನ್ನು ಬಿಟ್ಟರೆ ಬರಿಗಣ್ಣಿಗೆ ಕಾಣುವ ನಕ್ಷತ್ರಗಳಲ್ಲಿ ನಮಗೆ ಅತಿ ಸಮೀಪವಾದುದು ಅದು. ಅದು ಜೋಡಿಯೆಂಬುದನ್ನು ಮೊದಲು ಕಂಡದ್ದು ನಮ್ಮ ನೆಲದಿಂದಲೇ: 1689ರ ಡಿಸೆಂಬರಿನಲ್ಲಿ ಪುದುಚೇರಿಯಲ್ಲಿ ಧೂಮಕೇತುವೊಂದನ್ನು ವೀಕ್ಷಿಸುತ್ತಿದ್ದ ಜೆಸುಯಿಟ್ ಪಾದ್ರಿ ಝಾನ್ ರಿಶೋ ಅದನ್ನು ಎರಡಾಗಿ ಕಂಡನು. ಅವನ ಕೊಳವೆಯಲ್ಲಿದ್ದುದು ಒಂಟಿ ಗಾಜು. ಹಾಲನೂ ಡಾಲಂಡನೂ ಇನ್ನೂ ಹುಟ್ಟಿರಲಿಲ್ಲ. ಆ ಎರಡು ನಕ್ಷತ್ರಗಳು ಎಂಬತ್ತು ವರ್ಷಕ್ಕೊಮ್ಮೆ ಪರಸ್ಪರ ಸುತ್ತುತ್ತವೆ. 2016ರ ಸುಮಾರಿನಲ್ಲಿ ನಾಲ್ಕು ವಿಕಲೆಗಳಿಗೆ ಇಳಿದಿದ್ದ ಅವುಗಳ ಅಂತರ ಅಲ್ಲಿಂದೀಚೆಗೆ ಹೆಚ್ಚುತ್ತ ಬಂದಿದೆ. ಮೂರು ಅಂಗುಲದ ಗಾಜಿಗೆ ಎಂಬತ್ತು ಪಟ್ಟಿನ ವರ್ಧನವಿಟ್ಟರೆ ಸಾಕು; ಕ್ಷಿತಿಜದ ಗಾಳಿ ಬಿಂಬವನ್ನು ಕದಡುತ್ತಿದ್ದರೂ ಅದು ಸ್ತಿಮಿತವಾಗುವ ಕ್ಷಣಗಳಲ್ಲಿ ಎರಡೂ ಹಳದಿ ನಕ್ಷತ್ರಗಳು ಬೇರೆ ಬೇರೆಯಾಗಿ ಕಾಣುತ್ತವೆ.